ಸಪಾಟು ರಸ್ತೆ

ನಲ್ಲೂರಿನ ಹುಣಸೆ ತೋಪು ದಾಟುತ್ತಲೇ ಕಾಂತರಾಜುವಿನ ಸೈಕಲ್ ನಿಂತೇಬಿಟ್ಟಿತು. "ಲೇ ಮನೋಹರ, ಬ್ರೇಕ್ ಹಿಡ್ಕೊಂಡೈತೆ ಕಣೋ. ನನ್ ಕೈಲಾಗಲ್ಲ, ನೀನ್ ಹೋಗು."

ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿಗೆ ಅವನನ್ನು ಎಳೆದುತಂದಿದ್ದ ಗೆಳೆಯ ಮನೋಹರ್ ಹಿಂದಿನ ಚಕ್ರ ಎತ್ತಿ ತಿರುಗಿಸಿದ. ಅದು ಸರಾಗವಾಗಿ ತಿರುಗಿತು. "ಬ್ರೇಕಲ್ಲ ಕಣೋ, ರಸ್ತೆ ಏರು."

"ಏರಾ? ಇಲ್ಲೆಲ್ಲಿಂದ ಬಂತೋ? ಏರ್‌ಪೋರ್ಟಾದಾಗಿಂದ ದಿನಾ ಕ್ಯಾಬ್ ಓಡಿಸ್ತಿರೋ ರಸ್ತೆ ಇದು. ಸಪಾಟಾಗೈತೆ!"

ಮನೋಹರ್ ತನ್ನ ನೀರಿನ ಬಾಟಲಿಯನ್ನು ರಸ್ತೆಯ ಮೇಲೆ ಅಡ್ಡ ಮಲಗಿಸಿದ. ಅದು ಮೆಲ್ಲಗೆ ಉರುಳತೊಡಗಿ, ಅವರು ಬಂದ ದಾರಿಯಲ್ಲೇ ತೋಪಿನ ಕಡೆಗೆ ಇಳಿದುಹೋಯಿತು. ಕಾಂತರಾಜು ಬಾಯಿ ತೆರೆದುಕೊಂಡು ನೋಡುತ್ತಲೇ ನಿಂತ. ಆಮೇಲೆ, ದಿನಾ ಬೆಳಿಗ್ಗೆ ಸ್ಟೀರಿಂಗ್ ಮುಟ್ಟಿ ನಮಸ್ಕರಿಸುವ ಹಾಗೆಯೇ, ಬಗ್ಗಿ ರಸ್ತೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.