ಕದಲದ ಸುಂಟರಗಾಳಿ

ಸರ್ವೆ ಮಾಡುವವಳು ದುರ್ಬೀನಿನ ಗಾಜಿನ ನಡುಗೆರೆಯನ್ನು ಸುಂಟರಗಾಳಿಗೆ ಸರಿಯಾಗಿ ಹೊಂದಿಸಿ, ಅಲುಗದಂತೆ ತಿರುಪು ಬಿಗಿದು, ಎರಡು ನಿಮಿಷ ಕಾದಳು. ಮೋಡದಿಂದ ನೆಲಕ್ಕಿಳಿದ ಆ ಬೂದು ಕಂಬ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಸರಿಯಲಿಲ್ಲ.

"ಎತ್ತ ಹೋಗ್ತಿದೆ ಮಗಳೇ ಅದು?" ಅರೆಕಟ್ಟಿದ ಗೋಡೆಯ ಮೇಲಿಂದ ಮೇಸ್ತ್ರಿ ಕೇಳಿದ. ಅವನ ಪಕ್ಕದಲ್ಲಿ ಆರು ಮಂದಿ ಗಾರೆಯವರು ಇಳಿಯಬೇಕೋ ಬೇಡವೋ ಎಂದು ಅವಳ ಮುಖವನ್ನೇ ನೋಡುತ್ತಿದ್ದರು.

"ಎತ್ತಲೂ ಇಲ್ಲ ಮೇಸ್ತ್ರಿ. ನಿಂತಲ್ಲೇ ನಿಂತಿದೆ."

"ನಮ್ಮವರ ಹಾಗೇ ಅನ್ನು, ಕೆಲ್ಸ ಅಂದ್ರೆ ಕಾಲೇ ಕೀಳಲ್ಲ. ಹಾಗಾದ್ರೆ ಈ ಸಾಲು ಮುಗಿಸಿಯೇ ಇಳಿತೀವಿ."

ಕದಲದ ಗುರುತನ್ನು ನಂಬುವುದು ಅವಳ ಕಸುಬು. ಹದಿನೈದು ವರ್ಷ ಗಡಿಯಾರದ ಗೋಪುರಗಳನ್ನು, ಗುಡ್ಡದ ತುದಿಗಳನ್ನು ಹೀಗೇ ನಂಬಿದ್ದಳು. ಈಗ ಬರೀ ಅದರ ಚೆಂದಕ್ಕೆ ಮತ್ತೊಮ್ಮೆ ಕಣ್ಣಿಟ್ಟಳು. ಅಷ್ಟು ದೊಡ್ಡದೊಂದು ಅಷ್ಟು ನಯವಾಗಿ, ಬುಗುರಿಯಂತೆ ತಿರುಗಬಲ್ಲದೆಂದು ಅವಳು ಎಣಿಸಿರಲಿಲ್ಲ. ಬುಡದಲ್ಲಿ ಹಕ್ಕಿಗಳು ಸುತ್ತುತ್ತಿದ್ದವು. ದಿಟ್ಟಿಸಿದರೆ ಅವು ಹಕ್ಕಿಗಳಲ್ಲ, ಮನೆಗಳ ತಗಡಿನ ಮಾಡುಗಳು. ಮೊದಲು ನೋಡಿದಾಗ ಬೆರಳಗಲವಿದ್ದ ಕಂಬ ಈಗ ಅಂಗೈಯಗಲವಾಗಿತ್ತು. ಗೆರೆ ಮಾತ್ರ ಇನ್ನೂ ಅದರ ಸರಿ ನಡುವೆಯೇ ಇತ್ತು.

ಅವಳು ತಲೆಯೆತ್ತಿದಳು. "ಮೇಸ್ತ್ರಿ, ಇದ್ದದ್ದು ಇದ್ದಲ್ಲೇ ಬಿಟ್ಟು ಎಲ್ಲರೂ ನೆಲಮಾಳಿಗೆಗೆ ನಡೀರಿ. ನಾನು ತಪ್ಪು ಹೇಳ್ದೆ. ಅದು ನಿಂತಿಲ್ಲ, ನೇರ ನಮ್ಮ ಕಡೆಗೇ ಬರ್ತಿದೆ."

ಏಳು ಮಂದಿಯೂ ದಡದಡನೆ ಇಳಿದರು. ಕೊನೆಯವಳಾಗಿ ಮೆಟ್ಟಿಲಿಗೆ ಕಾಲಿಡುವಾಗ ಅವಳು ಒಮ್ಮೆ ಬರಿಗಣ್ಣಿನಲ್ಲಿ ಅದರತ್ತ ನೋಡಿದಳು. ಅದು ಆಕಾಶದುದ್ದಕ್ಕೂ ಹಬ್ಬಿತ್ತು; ಅಳೆಯಲು ಅಂಚೇ ಇರಲಿಲ್ಲ.