ಬೀಗವಿಲ್ಲದ ಫೈಲು

ಕೊರೆಯುವ ಟೂಲು ಹೋಗಿ, ಕಬ್ಬಿಣವನ್ನು ಬಿಗಿಹಿಡಿದಿದ್ದ ಕ್ಲ್ಯಾಂಪಿಗೆ ಬಡಿಯಿತು. ಕಿತ್ತು ಹಾರಿದ ಕಬ್ಬಿಣದ ತುಂಡು ಮಿಷಿನ್ ಬಾಗಿಲಿನ ಗಾಜು ಒಡೆದುಕೊಂಡು ಬಂದು, ಅದನ್ನು ಓಡಿಸುತ್ತಿದ್ದ ಮುನಿಕೃಷ್ಣನ ಬಲಗೈ ಜಜ್ಜಿತು. ಮೂಕಂಡಪಲ್ಲಿಯ ಆ ಕಾರ್ಖಾನೆಯವರು ಅವನನ್ನು ವ್ಯಾನಿಗೆ ಹತ್ತಿಸುವಾಗ, ಮೇಲಿನ ಆಫೀಸಿನಿಂದ ಕಲ್ಪನಾ ಓಡಿಬಂದಳು.

ಮಿಷಿನ್‌ಗಳಿಗೆ ಪ್ರೋಗ್ರಾಂ ಬರೆಯುವವಳು ಅವಳೇ. ಬೆಳಿಗ್ಗೆ ಮುನಿಕೃಷ್ಣ ಫೋನು ಮಾಡಿದ್ದ. "ಅಕ್ಕಾ, ಟೂಲು ಕ್ಲ್ಯಾಂಪಿಗೆ ತಾಕೋ ಹಂಗದೆ. ಒಸಿ ನೋಡಕ್ಕ." ಅವಳು ಟೂಲಿನ ಎತ್ತರ ಹೆಚ್ಚಿಸಿ, ಸೇವ್ ಮಾಡಿ, "ಸರಿ ಮಾಡಿದೀನಿ ಕಣೋ, ಧೈರ್ಯವಾಗಿ ಓಡ್ಸು" ಅಂದಿದ್ದಳು. ಈಗ ಫೈಲು ತೆರೆದು ನೋಡಿದರೆ ಹಳೆಯ ಎತ್ತರವೇ ಇತ್ತು. ಪಕ್ಕದ ಕೋಣೆಯ ಇನ್ನೊಬ್ಬ ಪ್ರೋಗ್ರಾಮರ್ ಸುಬ್ರಮಣಿ ಅದೇ ಫೈಲನ್ನು ಮೊದಲೇ ತೆರೆದಿಟ್ಟುಕೊಂಡು, ವೇಗ ಬದಲಾಯಿಸಿ, ಅವಳಾದ ಮೇಲೆ ಸೇವ್ ಮಾಡಿದ್ದ. ಅವಳ ತಿದ್ದುಪಡಿ ಅಳಿಸಿಹೋಗಿತ್ತು.

"ಮೊದಲೆಲ್ಲ ಒಬ್ಬರು ತೆರೆದಿದ್ರೆ ಇನ್ನೊಬ್ಬರಿಗೆ ತೆರೀತಾನೇ ಇರ್ಲಿಲ್ಲವಲ್ಲ ಗಿರಿ?"

ಕಂಪ್ಯೂಟರ್ ನೋಡಿಕೊಳ್ಳುವ ಗಿರಿ ತಲೆ ಎತ್ತಲಿಲ್ಲ. "ಆಗ ಲಾಕ್ ಇತ್ತು ಮೇಡಂ. ಕರೆಂಟು ಹೋಗಿ ಬಂದ್ರೆ ಅದು ಸಿಕ್ಕಾಕ್ಕೊಂಡು ಮಿಷಿನ್ನೇ ನಿಂತೋಗ್ತಿತ್ತು. ಲಾಕೇ ಬೇಡ, ತೆಗಿ ಅಂದ್ರು ವೆಂಕಟೇಶಪ್ಪ ಸಾರು. ಸರ್ವರಿನ ಫೋಲ್ಡರನ್ನ 'ನೋಲಾಕ್' ಅಂತ ಹಾಕಿ ಎಲ್ಲಾ ಕಂಪ್ಯೂಟರಿಗೂ ಮತ್ತೆ ಜೋಡಿಸ್ದೆ. ಈಗ ಯಾವ ಕಂಪ್ಯೂಟರೂ 'ಇದನ್ನ ಬೇರೆ ಯಾರಾದ್ರೂ ತೆರೆದಿದಾರಾ' ಅಂತ ಸರ್ವರನ್ನ ಕೇಳಲ್ಲ. ಫೈಲು ತನ್ನೊಬ್ಬಂದೇ ಅಂತ ಎರಡೂ ನಂಬ್ಕೊಂಡಿರ್ತವೆ."

"ನಮಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಹೆದರ್ಕೊಂಡು ನಿಧಾನ ಮಾಡ್ತಾರೆ, ಹೇಳ್ಬೇಡ ಅಂದ್ರು."

ಮ್ಯಾನೇಜರ್ ವೆಂಕಟೇಶಪ್ಪ ಅವಳನ್ನು ಕೂರಿಸದೆಯೇ ಮಾತು ಮುಗಿಸಿದ. "ಸರ್ವರ್ ಕಥೆ ಬೇಡಮ್ಮ. ಫೈಲಲ್ಲಿ ನಿನ್ನ ತಿದ್ದುಪಡಿ ಇಲ್ಲ. ಇಲ್ಲದ್ದನ್ನ ಮಾಡಿದ್ದೆ ಅಂದ್ರೆ ಯಾರು ನಂಬ್ತಾರೆ?"

"ಮುನಿಕೃಷ್ಣ ಹೇಳ್ತಾನೆ ಸಾರ್. ಸರಿ ಮಾಡಿದ ತಕ್ಷಣ ಅವನಿಗೆ ಹೇಳಿದ್ದೆ."

"ಅವನನ್ನೇ ಕೇಳೋಣ ಬಿಡು" ಅಂದ ವೆಂಕಟೇಶಪ್ಪ.

ಮರುದಿನ ಸಂಜೆ ಕಲ್ಪನಾ ಕಿತ್ತಳೆ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಮುನಿಕೃಷ್ಣನ ಬಲಗೈಗೆ ದಪ್ಪನೆಯ ಬ್ಯಾಂಡೇಜು. ಮೂರು ಬೆರಳು ತೆಗೆದಿದ್ದರು. ಅವಳನ್ನು ಕಂಡು ಅವನು ಗೋಡೆಯ ಕಡೆ ತಿರುಗಿದ.

"ಸಾರು ಬಂದಿದ್ರಕ್ಕ. ಹೇಳಿಕೆ ಬರೆಸ್ಕೊಂಡು ಹೋದ್ರು."

"ಏನಂದೆ?"

"ಪ್ರೋಗ್ರಾಂ ತಿದ್ದಿದೀನಿ ಅಂತ ನೀನು ನಂಗೆ ಹೇಳ್ಲೇ ಇಲ್ಲ ಅಂದ್ಬುಟ್ಟೆ."

"ನಾನು ಹೇಳಿದ್ದು ನಿಂಗೊತ್ತಲ್ಲೋ?"

"ಗೊತ್ತಕ್ಕ. ಹಿಂಗಂದ್ರೆ ಸ್ಟೋರಲ್ಲಿ ಕೂರೋ ಕೆಲ್ಸ ಕೊಡ್ತೀನಿ ಅಂದ್ರು. ಬೆರಳಿಲ್ದೋನ್ನ ಇನ್ಯಾರು ಕರೀತಾರೆ? ನೀನು ಓದಿರೋಳು. ನಿಂಗೆ ಎಲ್ಲಾದ್ರೂ ಕೆಲ್ಸ ಸಿಗ್ತದೆ."

ಅವಳು ಎದ್ದು ಬಾಗಿಲವರೆಗೂ ಹೋದಳು. ಹಿಂದೆ ಏನೋ ಬಿದ್ದ ಸದ್ದಾಯಿತು. ಎಡಗೈಯಲ್ಲೇ ಸಿಪ್ಪೆ ಸುಲಿಯಲು ಹೋಗಿ ಅವನು ಹಣ್ಣನ್ನು ಕೆಳಗೆ ಬೀಳಿಸಿಕೊಂಡಿದ್ದ. ಮಂಚದಡಿ ಉರುಳಿದ್ದ ಅದನ್ನು ಬಗ್ಗಿ ನೋಡುತ್ತಿದ್ದವನು, ಅವಳು ತಿರುಗಿದ್ದು ಕಂಡು ನಾಚಿ ನೆಟ್ಟಗೆ ಕೂತ.

ಕಲ್ಪನಾ ವಾಪಸು ಬಂದು ಕೂತಳು. ಬೇರೊಂದು ಹಣ್ಣು ಸುಲಿದು, ತೊಳೆ ಬಿಡಿಸಿ, ಒಂದೊಂದಾಗಿ ಅವನ ಎಡಗೈಗೆ ಇಡುತ್ತಾ ಹೋದಳು. ಕೊನೆಯದನ್ನು ತನ್ನ ಬಾಯಿಗೆ ಹಾಕಿಕೊಂಡಾಗ ಗೊತ್ತಾಯಿತು, ಹಣ್ಣು ಕಡುಹುಳಿ. ಅವನು ಮುಖ ಕಿವುಚದೆ ಅಷ್ಟನ್ನೂ ನುಂಗಿದ್ದ.