ಹುಣಸೆಹಣ್ಣಿನಲ್ಲಿ ಬೆಳಗಿದ ತಂಬಿಗೆ

"ಇದೊಂದು ತಂಬಿಗಿ ಬೀಸಿ ನಮ್ಮ ಮುತ್ಯಾ ಏಳು ಆನಿ ಕೆಡವಿದ್ದ ನೋಡ್ರಿ ಮೇಡಂ. ಎಂಟನೇದು ಹೆದರಿ ತಾನಾಗೇ ಕಾಲಿಗೆ ಬಿತ್ತು!" ಎಂದ ಗದಿಗೆಪ್ಪ.

ಊರಿನ ಪುಟ್ಟ ವಸ್ತುಸಂಗ್ರಹಾಲಯಕ್ಕೆ ಕಾವಲುಗಾರನೂ ಅವನೇ, ವಿವರಿಸುವವನೂ ಅವನೇ. ಅದನ್ನು ಮುಚ್ಚಬೇಕೋ ಉಳಿಸಬೇಕೋ ಎಂದು ತೀರ್ಮಾನಿಸಲು ಅಧಿಕಾರಿ ನೀಲಾಂಬಿಕಾ ಬಂದಿದ್ದರು.

ಹುಣಸೆಹಣ್ಣು ಹಾಕಿ ತಿಕ್ಕಿದರೆ ಹಳೆಯ ಪಾತ್ರೆಗಳು ಮಾತಾಡುತ್ತವೆಂಬುದು ಆ ಸೀಮೆಯ ಕೂಸಿಗೂ ಗೊತ್ತು. ಅದಕ್ಕೇ ಗದಿಗೆಪ್ಪ ಇಪ್ಪತ್ತು ವರ್ಷ ಒಂದು ಪಾತ್ರೆಗೂ ಹುಣಸೆಹಣ್ಣು ಸೋಕಿಸಿರಲಿಲ್ಲ. ಆದರೆ ಮೇಡಂ ಬರುತ್ತಾರೆಂದು ಅವನ ಹೆಂಡತಿ ಬೆಳಿಗ್ಗೆಯೇ ಬಂದು, ಅವನಿಗೆ ಹೇಳದೆ ಎಲ್ಲವನ್ನೂ ಹುಣಸೆಹಣ್ಣು ಹಾಕಿ ಫಳಫಳ ಬೆಳಗಿಟ್ಟಿದ್ದಳು. ಮೇಡಂ ಬಂದ ಗಡಿಬಿಡಿಯಲ್ಲಿ ಗದಿಗೆಪ್ಪ ಅದನ್ನು ಗಮನಿಸಿರಲಿಲ್ಲ.

ತಂಬಿಗೆ ಗಂಟಲು ಸರಿಮಾಡಿಕೊಂಡಿತು. "ಯಾವ ಆನಿಯೋ ಗದಿಗ್ಯಾ? ನಿಮ್ಮ ಮುತ್ಯಾ ಹಲ್ಲಿ ಕಂಡ್ರ ನನ್ನ ಒಗದು ಓಡ್ತಿದ್ದ. ಈ ನೆಗ್ಗು ಹಂಗ ಬಿದ್ದದ್ದು."

ನೀಲಾಂಬಿಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. 'ಉಳಿಸುವುದು' ಎಂದು ಬರೆದು, ತಂಬಿಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಇಷ್ಟು ಚಂದ ಮಾತಾಡೂ ತಂಬಿಗಿ ಬಾಯಿ ಇಪ್ಪತ್ತು ವರ್ಷ ಯಾಕ ಕಟ್ಟಿದ್ರಿ?"

ಗದಿಗೆಪ್ಪ ತಲೆ ಕೆರೆದುಕೊಂಡ. "ಆನಿ ಸುಳ್ಳರಿ ಮೇಡಂ. ಖರೇ ಹೇಳ್ತೀನಿ... ಅದು ಮಾತಾಡಿದ್ರ, ನನ್ನ ಮಾತು ಯಾರು ಕೇಳ್ತಾರ್ರಿ?"